ಮೂವತ್ತೇಳನೇ ಚಾನೆಲ್

ಈ ಸಲವೂ ಪೊಲೀಸರು ಮೊದಲೇ ಬಂದು ನಿಂತಿದ್ದರು. ಸೇತುವೆಯ ಎರಡೂ ಕಡೆ ನಾಲ್ಕು ಗಾಡಿ. ಅವುಗಳ ನಡುವೆ ಕಲ್ಲಿದ್ದಲಿನ ಲಾರಿಗಳು ಮದುವೆ ದಿಬ್ಬಣದಂತೆ ಸಾಗಿದವು. ವರ್ಜಿಲ್ ಟ್ಯಾಕೆಟ್ ಕಾರಿನಲ್ಲೇ ಕೂತು ಹಲ್ಲು ಕಚ್ಚಿದ.

ಗಣಿ ಮುಷ್ಕರಕ್ಕೆ ಆಗಲೇ ಎರಡು ತಿಂಗಳು. ಹೊರಗಿನವರನ್ನು ತಂದು ತೆಗೆಸಿದ ಕಲ್ಲಿದ್ದಲು ಕಣಿವೆ ದಾಟದಂತೆ ತಡೆಯುವುದೊಂದೇ ಈಗ ಕಾರ್ಮಿಕರ ಕೈಯಲ್ಲಿದ್ದದ್ದು. ಎಲ್ಲಿ, ಎಷ್ಟು ಹೊತ್ತಿಗೆ ತಡೆಯಬೇಕೆಂದು ಗೊತ್ತುಮಾಡುವವರು ಇಬ್ಬರೇ: ವರ್ಜಿಲ್ ಮತ್ತು ಲೋನಿ ಮಲಿನ್ಸ್. ಸಂಘದ ಕೋಣೆಯ ಗೋಡೆಗಳನ್ನು ನಂಬುವಂತಿರಲಿಲ್ಲ. ಹಾಗಾಗಿ ಇಬ್ಬರೂ ವರ್ಜಿಲ್‌ನ ಕಾರಿನಲ್ಲಿ, ಗಾಜು ಏರಿಸಿಕೊಂಡು, ಊರ ಸುತ್ತ ಓಡಾಡುತ್ತಾ ಮಾತಾಡುತ್ತಿದ್ದರು. ಉಳಿದವರಿಗೆ ಕೊನೇ ಗಳಿಗೆಯಲ್ಲಿ ಸುದ್ದಿ.

ಲೋನಿ ಗಣಿಯ ಎಲೆಕ್ಟ್ರಿಷಿಯನ್. ಇಪ್ಪತ್ತು ವರ್ಷ ಒಂದೇ ಪಾಳಿಯಲ್ಲಿ ವರ್ಜಿಲ್‌ನ ಜೊತೆ ನೆಲದಡಿಗೆ ಇಳಿದವನು. ಮುಷ್ಕರಕ್ಕೆ ಮುಂಚೆ ಇಬ್ಬರೂ ತಮ್ಮ ತಮ್ಮ ಗಾಡಿಗೆ, ಗಾಡಿಯಿಂದ ಗಾಡಿಗೆ ಮಾತಾಡುವ ಹೊಸ ಸಿ.ಬಿ. ರೇಡಿಯೊ ತಂದಿದ್ದರು. ಊರಿನವರ ಹಳೇ ಸೆಟ್‌ಗಳಲ್ಲಿ ಇಪ್ಪತ್ಮೂರೇ ಚಾನೆಲ್; ಇವುಗಳಲ್ಲಿ ನಲವತ್ತು. ಮೂವತ್ತೇಳನ್ನು ತಮ್ಮದಾಗಿ ಇಟ್ಟುಕೊಂಡರು.

ಆದರೆ ವರ್ಜಿಲ್‌ನ ಸೆಟ್ ಮೊದಲಿಂದಲೂ ಮೊಂಡು. ಗುಡ್ಡದಾಚೆಯಿಂದ ಲೋನಿ ಕೂಗಿದರೆ ಬರೀ ಬುಸುಗುಟ್ಟುತ್ತಿತ್ತು. ಲೋನಿಯೇ ಒಂದು ಭಾನುವಾರ ಕೂತು ಸರಿಮಾಡಿಕೊಟ್ಟ. ಹಿಂದಿನ ಬಂಪರಿನಲ್ಲಿದ್ದ ಆಂಟೆನಾ ಕಿತ್ತು, ಚಾವಣಿಯ ನಟ್ಟನಡುವೆ ತೂತು ಕೊರೆದು ನೆಟ್ಟ. ಬುಡದ ಬಣ್ಣ ಕೆರೆದು ಬರಿ ಲೋಹಕ್ಕೆ ಕಚ್ಚಿಸಿದ. ಇಂಜಿನ್ನಿನ ಗೊರಗೊರ ನಿಲ್ಲಲೆಂದು ಬಾನೆಟ್ಟಿನಿಂದ ಕಾರಿನ ಮೈಗೆ ತಾಮ್ರದ ಪಟ್ಟಿ ಬಿಗಿದ, ಪ್ಲಗ್ಗಿನ ವೈರು ಬದಲಿಸಿದ.

"ಈಗ ನೋಡು ಮಾರಾಯ," ಎಂದು ಕೈ ಒರೆಸಿಕೊಂಡ. "ಬರೋದೂ ಚೆನ್ನಾಗಿ ಬರತ್ತೆ, ಹೋಗೋದೂ ಚೆನ್ನಾಗಿ ಹೋಗತ್ತೆ. ನೀನು ಗೊರಕೆ ಹೊಡೆದ್ರೂ ಆಚೆ ರಾಜ್ಯದ ಓಹಾಯೋದೋರು ಎದ್ದು ಕೂರ್ತಾರೆ!"

"ಮೈಕಿನ ಕೊಕ್ಕೆ ಮುರಿದಿದೆಯಲ್ಲೋ."

"ಅದನ್ನ ಇನ್ನೊಂದಿನ ನೋಡೋಣ." ವರ್ಜಿಲ್ ಎಂದಿನಂತೆ ಮೈಕನ್ನು ತನ್ನ ಪಕ್ಕದ ಸೀಟಿನ ಸಂದಿಗೆ ತುರುಕಿದ.

ಒಬ್ಬನೇ ಓಡಿಸುವಾಗ ಸೆಟ್ ಗಿಣಿಯಂತೆ ಉಲಿಯತೊಡಗಿತು. ಮೂರು ರಾಜ್ಯದಾಚೆಯವರ ಹರಟೆಯೂ ಕೇಳಿಸುತ್ತಿತ್ತು. ವಿಚಿತ್ರವೆಂದರೆ, ಲೋನಿ ಪಕ್ಕದಲ್ಲಿ ಕೂತರೆ ಸಾಕು, ಗಪ್‌ಚಿಪ್. ಒಂದು ಬುಸುಗೂ ಇಲ್ಲ. 'ಇವನೇ ಏನಾದರೂ ತಿರುಗಿಸುತ್ತಾನಾ?' ಎಂಬ ಹುಳ ವರ್ಜಿಲ್‌ನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ.

ಸೇತುವೆಯ ಸೋಲಿನ ಮಾರನೇ ದಿನ ಅವನು ಬಲೆ ಹೆಣೆದ.

"ಗುರುವಾರ ಮಧ್ಯಾಹ್ನ, ಚರ್ಚಿನ ತಿರುವಿನಲ್ಲಿ," ಎಂದು ಕಾರಿನಲ್ಲಿ ಲೋನಿಗೆ ಹೇಳಿದ. ಬೇರೆ ಯಾರಿಗೂ ಹೇಳಲಿಲ್ಲ, ಹೆಂಡತಿ ಓಪಲ್‌ಗೂ ಇಲ್ಲ.

ಗುರುವಾರ ಮಧ್ಯಾಹ್ನ ಚರ್ಚಿನ ತಿರುವಿನಲ್ಲಿ ಆರು ಪೊಲೀಸ್ ಗಾಡಿ.

ವರ್ಜಿಲ್ ಕಾರನ್ನು ಹಿಂದಕ್ಕೆ ತಿರುಗಿಸಿದ. ಹಿಂದೊಮ್ಮೆ ಗಣಿಯ ಸೂರು ಕುಸಿದಾಗ ಈ ಲೋನಿಯೇ ಅವನನ್ನು ತೋಳು ಹಿಡಿದು ಎಳೆದುಕೊಂಡು ಬಂದಿದ್ದ. ಅದೇ ಕೈ ಈಗ ಬೆನ್ನಿಗೆ ಚೂರಿ ಹಾಕಿತ್ತು.

ಶುಕ್ರವಾರ ಸಂಘದ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತ. "ಎಷ್ಟಕ್ಕೆ ಮಾರ್ಕೊಂಡ್ಯೋ ನಮ್ಮನ್ನ?"

ಲೋನಿ ಮೊದಲು ನಕ್ಕ, ತಮಾಷೆಯೆಂದುಕೊಂಡು. ಆಮೇಲೆ ಸುತ್ತಲಿನ ಮುಖಗಳನ್ನು ನೋಡಿದ.

"ಆ ಕಾರಲ್ಲಿ ನಾನೊಬ್ನೇ ಇದ್ನೇನೋ ವರ್ಜಿಲ್?"

"ಅಂದ್ರೆ ನಾನು ಹೇಳ್ದೆ ಅಂತೀಯಾ?"

"ನೀನು ಹೇಳಲ್ಲ. ನನಗೆ ಗೊತ್ತು," ಎಂದ ಲೋನಿ. "ನಾನು ಹೇಳಲ್ಲ ಅಂತ ನಿನಗೆ ಗೊತ್ತಿಲ್ವಲ್ಲ, ಅದಕ್ಕೇ ಹೊಟ್ಟೆ ಉರಿಯೋದು."

ಯಾರೋ ಅವನ ಕಾಲ ಬಳಿ ಉಗಿದರು. ಅಂಗಡಿಯಲ್ಲಿ ಅವನ ಹೆಂಡತಿಗೆ ಯಾರೂ ದಾರಿ ಬಿಡಲಿಲ್ಲ. ಹತ್ತೇ ದಿನದಲ್ಲಿ ಮಂಚ, ಒಲೆ, ಮಕ್ಕಳನ್ನು ಪಿಕಪ್ಪಿಗೆ ಹೇರಿಕೊಂಡು ಲೋನಿ ಕಣಿವೆ ಬಿಟ್ಟ. ವರ್ಜಿಲ್ ಕಿಟಕಿಯ ಪರದೆ ಸರಿಸಿಯೂ ನೋಡಲಿಲ್ಲ.

ಅಲ್ಲಿಂದಾಚೆ ಎಲ್ಲವೂ ಸರಿಹೋಯಿತು. ವರ್ಜಿಲ್ ಒಬ್ಬನೇ ಓಡಾಡಿದ, ಒಬ್ಬನೇ ನಿರ್ಧರಿಸಿದ. ಎರಡು ಸಲ ಲಾರಿಗಳು ಕಣಿವೆ ದಾಟಲಾಗದೆ ಹಿಂದಿರುಗಿದವು, ಪೊಲೀಸರ ಸುಳಿವಿರಲಿಲ್ಲ. ಇನ್ನೇನು ಪುರಾವೆ ಬೇಕು? ಆದರೂ ಗೆದ್ದ ದಿನ ಅವನಿಗೆ ಊಟ ಸೇರಲಿಲ್ಲ. ಓಪಲ್ ತಟ್ಟೆ ಎತ್ತಿಕೊಂಡು ಹೋದಳು. ಲೋನಿ ಹೋದಂದಿನಿಂದ ಅವಳು ಮಾತೇ ಕಡಿಮೆ ಮಾಡಿದ್ದಳು.

ಶನಿವಾರ ಓಪಲ್‌ಳ ಅಕ್ಕ ಗ್ಲೆನಾಳನ್ನು ಅವಳ ಊರಿಗೆ ಬಿಡಬೇಕಿತ್ತು. ಮುಂದಿನ ಉದ್ದ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಗುಡ್ಡ ದಾಟಿದ ಮೇಲೆ ಹಿಮ ಜೋರಾಯಿತು. ರಸ್ತೆಬದಿಯ ಅಂಗಡಿಯೊಂದರ ಮುಂದೆ ವರ್ಜಿಲ್ ಕಾರು ನಿಲ್ಲಿಸಿದ. ಹೆಂಗಸರಿಗೆ ಬೆಚ್ಚಗಿರಲೆಂದು ಇಂಜಿನ್ ಆರಿಸಲಿಲ್ಲ. ಕಾಫಿ ತರಲು ಒಳಗೆ ಹೋದ.

ಗುರುತಿಲ್ಲದ ಊರು, ಗುರುತಿಲ್ಲದ ಮುದುಕ. ಅವನ ಗಲ್ಲಾದ ಮೇಲೆ ಹೊಸ ನಲವತ್ತು ಚಾನೆಲ್ಲಿನ ಸೆಟ್. ಅದರಲ್ಲಿ ಯಾರೋ ಹೆಂಗಸು ಬಿಕ್ಕುತ್ತಿದ್ದಳು.

"ಇದೇನು, ನಾಟಕವೇ?" ಎಂದ ವರ್ಜಿಲ್.

"ನಾಟಕಕ್ಕಿಂತ ಚೆನ್ನಾಗಿದೆ ಸ್ವಾಮಿ!" ಮುದುಕ ಕಾಫಿ ಬಗ್ಗಿಸುತ್ತಾ ಕಿಸಕ್ಕೆಂದ. "ಯಾವನೋ ಪುಣ್ಯಾತ್ಮ, ಮೈಕಿನ ಮಾತಾಡೋ ಗುಂಡಿ ಒತ್ಕೊಂಡಿರೋದೇ ಗೊತ್ತಿಲ್ದೆ ಓಡಾಡ್ತಾನೆ. ಗುಂಡಿ ಒತ್ತಿದ್ರೆ ಅವನಿಗೆ ಏನೂ ಕೇಳ್ಸಲ್ಲ, ಊರಿಗೆಲ್ಲ ಅವನು ಕೇಳಿಸ್ತಾನೆ. ಹೋದ ತಿಂಗಳು ಇಬ್ರು ಗಂಡಸ್ರು, ಎಲ್ಲಿ ಲಾರಿ ತಡೀಬೇಕು ಅಂತ ಮಾತಾಡೋರು. ಪೊಲೀಸಿನೋರು ಇಲ್ಲೇ ನಿಂತು, ಕಾಫಿ ಕುಡೀತಾ ಬರ್ಕೊಳ್ಳೋರು. ಪಾಪ, ಇವತ್ತು ಯಾರೋ ಹೆಣ್ಮಕ್ಕಳು."

ವರ್ಜಿಲ್‌ನ ಕೈ ಕಪ್ಪಿನ ಮೇಲೇ ನಿಂತಿತು. ಸೆಟ್ಟಿನೊಳಗಿನ ದನಿ ಮೂಗು ಸೀಟಿಕೊಂಡು, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಹೇಳಿತು:

"ಲೋನಿ ಅಂಥವನಲ್ಲ ಅಕ್ಕ, ನಾನು ಬೈಬಲ್ ಮುಟ್ಟಿ ಹೇಳ್ತೀನಿ... ಅಯ್ಯೋ, ಗಾಜಿನಾಚೆ ನೋಡು, ನಮ್ಮ ವರ್ಜಿಲ್ ಯಾಕೆ ಹಾಗೆ ನಿಂತ್ಬಿಟ್ಟ?"