ಎಡಗಣ್ಣು

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಕುಮುದಿನಿಯ ಎಡಗಣ್ಣು ಎರಡು ವರ್ಷದಿಂದ ತನ್ನಷ್ಟಕ್ಕೆ ತಾನೇ ಹೊಡೆದುಕೊಳ್ಳುತ್ತಿತ್ತು. ಮದುವೆಯಿಲ್ಲದೆ ನಲವತ್ತೇಳು ದಾಟಿದವಳು. ಎದುರಿಗಿದ್ದವರು ಏನೆಂದುಕೊಳ್ಳುತ್ತಾರೋ ಎಂದು ಕುಗ್ಗಿಹೋಗುತ್ತಿದ್ದಳು. ಮುಖದ ನರದ ತೊಂದರೆ ಎಂದರು ಡಾಕ್ಟರು. ಧೈರ್ಯ ಮಾಡಿ ಕಣ್ಣಿನ ಸುತ್ತ ಐದು ಕಡೆ ಇಂಜೆಕ್ಷನ್ ಹಾಕಿಸಿಕೊಂಡಳು. ಕೆಲವೇ ದಿನಗಳಲ್ಲಿ ಕಣ್ಣು ಸುಮ್ಮನಾಯಿತು.

ಹೆಂಡತಿ ತೀರಿಕೊಂಡಿದ್ದ ಡ್ರಾಯಿಂಗ್ ಮೇಷ್ಟ್ರು ಚನ್ನವೀರಪ್ಪ ದಿನಾ ಬಂದು ಒಂದೇ ಒಂದು ಸ್ಟಾಂಪು ಕೊಳ್ಳುತ್ತಿದ್ದರು. ಅವತ್ತು ಸ್ಟಾಂಪು ತೆಗೆದುಕೊಂಡ ಮೇಲೂ ನಿಂತೇ ಇದ್ದರು.

"ಇನ್ನೇನು ಬೇಕಿತ್ತು ಸರ್?"

"ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಡಂ?"

"ಯಾಕೆ ಹಾಗೆ ಕೇಳ್ತೀರಿ?"

ಮೇಷ್ಟ್ರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಈ ವಾರ ನೀವು ಒಂದ್ಸಲಾನೂ ಕಣ್ಣು ಹೊಡೀಲಿಲ್ಲ."

ಕುಮುದಿನಿಯ ಮುಖ ಕೆಂಪಾಯಿತು. "ಅದು ಕಾಯಿಲೆ ಸರ್. ಇಂಜೆಕ್ಷನ್ ತಗೊಂಡೆ, ನಿಂತುಹೋಯ್ತು."

"ಓ, ಕಾಯಿಲೇನಾ? ವಾಸಿಯಾಯ್ತಲ್ಲ, ಒಳ್ಳೇದಾಯ್ತು ಬಿಡಿ." ಮೇಷ್ಟ್ರು ಸ್ಟಾಂಪನ್ನು ಜೇಬಿಗೆ ಹಾಕಿಕೊಂಡರು. "ಮನೇಲಿ ಇಂಥವು ಆರುನೂರು ಇವೆ ಮೇಡಂ. ನಾನು ಯಾರಿಗೂ ಕಾಗದ ಬರೆಯೋನಲ್ಲ."

ಅವರು ಬಾಗಿಲ ತನಕ ಹೋದರು.

"ಸರ್," ಎಂದು ಕರೆದಳು ಕುಮುದಿನಿ.

ಮೇಷ್ಟ್ರು ತಿರುಗಿದಾಗ ಅವಳು ಬಲಗಣ್ಣು ಹೊಡೆದಳು.