ಕರುಪ್ಪಾಯಿ ಕಟ್ಟಿದ ವರಿ

“ಸಂದಾ ಅಂದ್ರೆ ಏನು ತಾಯೀ? ಅದನ್ನ ಹೇಳು ಮೊದ್ಲು. ಆಮೇಲೆ ಸೈನು,” ಎಂದಳು ಕರುಪ್ಪಾಯಿ.

ತಮಿಳುನಾಡಿನ ಕಂಬಂನ ಬ್ಯಾಂಕಿನ ಮುಂದೆ ಮೇಜು ಹಾಕಿಕೊಂಡು ಪಿಂಚಣಿ ಯೋಜನೆಗೆ ಜನರನ್ನು ಸೇರಿಸುತ್ತಿದ್ದ ತೇನ್‌ಮೊಳಿ ತಲೆ ಕೆರೆದುಕೊಂಡಳು. ಅವಳೂ ಕರುಪ್ಪಾಯಿಯ ಬೀದಿಯವಳೇ. ಮನೆಮಾತಾದ ಕನ್ನಡ ಕಿವಿಗೆ ಬರುತ್ತಿತ್ತು, ಬಾಯಿಗೆ ಅಷ್ಟಾಗಿ ಬರುತ್ತಿರಲಿಲ್ಲ.

“ನಮ್ಮ ಕೋಯಿಲ್‌ಗೆ ವರಿ ಕೊಡ್ತೀವಲ್ಲ ಅತ್ತೆ, ಅದೇ ಮಾದಿರಿ. ತಿಂಗ್ಳಾ ತಿಂಗ್ಳಾ ಕಟ್ಬೇಕು. ಅರುವತ್ತಾದ್ಮೇಲೆ ತಿಂಗ್ಳಾ ತಿಂಗ್ಳಾ ತಿರುಗಿ ಬರ್ತದೆ.”

“ಇಷ್ಟೇನಾ! ಇದುಕ್ಕೆ ಇಷ್ಟುದ್ದ ಕಾಗದ?” ಹನ್ನೆರಡು ಹೆಂಗಸರನ್ನು ಕೂರಿಸಿಕೊಂಡು ದ್ರಾಕ್ಷಿ ಪೆಟ್ಟಿಗೆ ಕಟ್ಟಿಸುವವಳಿಗೆ ವರಿ ಗೊತ್ತಿಲ್ಲವೇ? “ಬರ್ಕೋ. ತಂಗವೇಲ್.”

“ಅದು ಮಾಮನ ಹೆಸ್ರಲ್ವಾ? ಮಾಮಂಗೆ ಎಷ್ಟು ವಯಸು?”

“ನಲವತ್ನಾಕು.”

“ಆಗಲ್ಲ ಅತ್ತೆ. ನಲವತ್ತರೊಳಗೇ ಸೇರ್ಬೇಕು.”

ಕರುಪ್ಪಾಯಿಯ ಮುಖ ಸಪ್ಪಗಾಯಿತು. ಕೈಕಾಲು ಬಿದ್ದ ಕಾಲಕ್ಕೆ ಯಾರ ಮುಂದೆಯೂ ಕೈಚಾಚಬಾರದೆಂದು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಕಾಗದಗಳನ್ನು ಚೀಲಕ್ಕೆ ತುರುಕಿ ಎದ್ದೇಬಿಟ್ಟಳು.

“ನಿಮ್ಗೆ ಎಷ್ಟು ಅತ್ತೆ?”

“ಬರೋ ವಾರಕ್ಕೆ ನಲವತ್ತು. ನಂದ್ಯಾಕೆ? ಹೆಂಗಸ್ರಿಗೆ ಎಲ್ಲಿದೆ ವರಿ?”

ತೇನ್‌ಮೊಳಿ ಹಣೆ ಹಣೆ ಬಡಿದುಕೊಂಡಳು. ಅವರ ಕುಲದಲ್ಲಿ ಗುಡಿಯ ವರಿ ಹಾಕುವುದು ಗಂಡುತಲೆ ಎಣಿಸಿ. ಹೆಂಗಸರ ತಲೆ ಯಾವ ಕಾಲದಲ್ಲೂ ಲೆಕ್ಕಕ್ಕೆ ಬಂದದ್ದಿಲ್ಲ. ಬಿಡಿಸಿ ಹೇಳಲು ಹೋಗಿ ಹುಡುಗಿ ತಾನೇ ಎಡವಟ್ಟು ಮಾಡಿಕೊಂಡಿದ್ದಳು.

“ಇಲ್ಲಿ ಹೆಂಗಸ್ರ ತಲೇನೂ ತಲೇನೇ ಅತ್ತೆ. ನಿಮ್ ಹೆಸ್ರಲ್ಲೇ ಕಟ್ಬೋದು. ಈ ವಾರ ಬಿಟ್ರೆ ಇಲ್ಲ, ಕೂತ್ಕೊಳ್ಳಿ!”

ಕರುಪ್ಪಾಯಿ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತಳು. ಇನ್ನವಳನ್ನು ಹಿಡಿಯುವವರಿಲ್ಲ. ಹಣ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ ಎಂದರೆ ವರಿ ಕೇಳಲು ಯಾರೂ ಬಾಗಿಲಿಗೆ ಬರುವುದಿಲ್ಲ. ನಾಮಿನಿ ಎಂದರೆ ತನ್ನ ನಂತರ ಅದು ಸೇರಬೇಕಾದವರು. ಒಂದೊಂದು ಮಾತನ್ನೂ ಕೆದಕಿ ಕೆದಕಿ ಕೇಳಿ, ತಾನೇ ತಿರುಗಿ ಹೇಳಿ, ಹುಡುಗಿ ಹೌದೆಂದ ಮೇಲೆಯೇ ಸೈನು ಹಾಕಿದಳು.

ಅಷ್ಟರಲ್ಲಿ ಶೇರ್ ಆಟೊವನ್ನು ರಸ್ತೆ ಬದಿಗೆ ನಿಲ್ಲಿಸಿ ಬಂದ ತಂಗವೇಲ್ ಕಾಗದದ ಮೇಲೆ ಬಗ್ಗಿದ.

“ಏನಿದು, ನನ್ ಹೆಸ್ರೇ ಕಾಣೆ?”

“ಅದೆ ನೋಡಿ, ಕೆಳಗೆ, ನಾಮಿನಿ ಜಾಗದಲ್ಲಿ,” ಕರುಪ್ಪಾಯಿ ಬೆರಳಿಟ್ಟು ತೋರಿಸಿದಳು. “ಕರುಪ್ಪಾಯಿ ಗಂಡ ಅಂತ ಬರ್ಸೀನಿ.”