ಚೌತಿಯ ತಪ್ಪಲೆ

"ನುಂಗಬೇಡಿ ಮೇಡಂ, ರುಚಿ ನೋಡಿ ಇದಕ್ಕೆ ಉಗೀರಿ," ಎಂದು ವೈನರಿಯ ಹುಡುಗಿ ಹಿತ್ತಾಳೆ ತಪ್ಪಲೆಯನ್ನು ಮುಂದಕ್ಕೆ ತಳ್ಳಿದಳು. ವನಮಾಲಾ ಬಾಯಿ ತುಂಬ ವೈನು ಇಟ್ಟುಕೊಂಡೇ ಬಗ್ಗಿದಳು. ಒಳಗೆ ಯಾರ್ಯಾರದೋ ಎಂಜಲು ಕೆಂಪಗೆ ನೊರೆಗಟ್ಟಿತ್ತು.

ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ ಕಂಡಿತು: 'ಚಿ. ಸೌ. ವನಮಾಲಾಳಿಗೆ ಅಮ್ಮನಿಂದ.' ಅವಳ ಮದುವೆಯ ಉಡುಗೊರೆ. ಕಳೆದ ಚೌತಿಗೆ ಪಾಯಸ ಮಾಡಿದ್ದು ಅದರಲ್ಲೇ. ಬಾಯಿ ಬಿಡಲಾಗದೆ ಗಂಡನಿಗೆ ಬೆರಳಿನಿಂದ ಹೆಸರು ತೋರಿಸಿದಳು.

ರವಿಶಂಕರ ನಕ್ಕ. "ಓ, ಅದಾ! ಅಟ್ಟದಲ್ಲಿ ಸುಮ್ನೆ ಬಿದ್ದಿತ್ತಲೆ. ಇಲ್ಲಿನ ಓನರ್ ಮನೆಗೆ ಬಂದಾಗ ನೋಡಿ ಚಂದ ಇದ್ದು ಅಂದ, ಆನೇ ಅವಂಗೆ ಕೊಟ್ಟಿ. ಈಗೆಂತಾತು? ಉಗಿ, ಉಗಿ," ಎಂದು ತನ್ನ ಗ್ಲಾಸ್ ಎತ್ತಿದ.

ವನಮಾಲಾ ಆ ಗ್ಲಾಸನ್ನು ಅವನ ಕೈಯಿಂದ ತೆಗೆದುಕೊಂಡಳು. ಅದರೊಳಗೆ ಉಗಿದು, ಮತ್ತೆ ಅವನ ಕೈಗೇ ಕೊಟ್ಟಳು.